ಮುಳ್ಳು ಏಳುವ ತನಕ

ಗುಜರಿಯವನ ಲಾರಿ ಗೇಟಿಗೆ ಅಡ್ಡವಾಗಿ ಬಂದು ನಿಂತಾಗ ಬೋಲ್ಟಕ್ಕ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಹಳೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು.

"ಸ್ಟಾರ್ಟ್ ಮಾಡ್ತೀನಿ ಅಂದೋಳು ಬಿಚ್ತಾ ಕೂತಿದೀಯಲ್ಲೇ!" ಅಣ್ಣ ಶೆಡ್ಡಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಬಿಚ್ಚಿದ್ರೇನೇ ಸ್ಟಾರ್ಟ್ ಆಗೋದು. ನೀನು ಲಾರಿಯವ್ರಿಗೆ ಟೀ ಕೊಡು, ಹೋಗು."

ದಿನ ಗೊತ್ತು ಮಾಡಿದ್ದು ಅಣ್ಣನೇ. ಅವನ ಮಗ ಪ್ರಿಂಟಿಂಗ್ ಯಂತ್ರ ತರುವವನಿದ್ದ, ಅದಕ್ಕೆ ಶೆಡ್ಡು ಬೇಕಿತ್ತು. ಈ ಭಾನುವಾರ ಇಂಜಿನ್ ಓಡಿದರೆ ಶೆಡ್ಡಿನ ಮಾತು ಇನ್ನು ಎತ್ತುವುದಿಲ್ಲ, ಓಡದಿದ್ದರೆ ಕಾರು ಗುಜರಿಗೆ ಎಂದಿದ್ದ. ಬೋಲ್ಟಕ್ಕ ಒಂದೇ ಉಸಿರಿಗೆ "ಆಯ್ತು" ಎಂದುಬಿಟ್ಟಿದ್ದಳು. ಯಾರಾದರೂ ಆಗದು ಎಂದರೆ ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತೇ ಅದು.

ಕಾರು ಅಪ್ಪನ ಟ್ಯಾಕ್ಸಿ. ಚಿಕ್ಕಂದಿನಲ್ಲಿ ಅದರ ಕೆಳಗೆ ತೂರಿ, ಬಿದ್ದ ಬೋಲ್ಟುಗಳನ್ನೆಲ್ಲ ಫ್ರಾಕಿನ ಜೇಬಿಗೆ ತುಂಬಿಕೊಳ್ಳುತ್ತಿದ್ದಳೆಂದು ಅವಳಿಗೆ ಆ ಹೆಸರು ಅಂಟಿತ್ತು. ಅಪ್ಪನ ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಹಿಡಿದವಳು ಅವಳೇ. ಅಣ್ಣನಿಗೆ ಗ್ರೀಸ್ ಕಂಡರೆ ವಾಕರಿಕೆ. ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರು ಅವಳಿಗೆ ಸಾಲಿನಲ್ಲಿ ಜಾಗ ಬಿಡಲಿಲ್ಲ. ಹೆಂಗಸು ಓಡಿಸುವ ಗಾಡಿಗೆ ಯಾರು ಹತ್ತುತ್ತಾರೆ ಎಂದು ನಕ್ಕರು, ಟೈರಿನ ಗಾಳಿ ಬಿಟ್ಟರು. ಅವಳು ಜಗಳಕ್ಕೆ ಹೋಗಲಿಲ್ಲ. ಅವರ ಎದುರಿಗೇ ಕಾಲು ಪಂಪು ಒತ್ತಿ ಗಾಳಿ ತುಂಬಿ, ಮತ್ತೆ ಅದೇ ಸಾಲಿನ ಕೊನೆಗೆ ನಿಂತಳು. ಮರುದಿನವೂ ಗಾಳಿ ಬಿಟ್ಟರು, ಮರುದಿನವೂ ನಿಂತಳು. ಕೊನೆಗೆ ಗಾಳಿ ಬಿಟ್ಟು ಬಿಟ್ಟು ಅವರಿಗೇ ಬೇಜಾರು ಬಂತು.

ಅಪ್ಪ ತೀರಿಕೊಂಡ ಮೇಲೆ ಇಂಜಿನ್ ಜಾಮ್ ಆಯಿತು. ಕಾರು ಶೆಡ್ಡು ಸೇರಿ ಟಾರ್ಪಾಲು ಹೊದ್ದು ಮಲಗಿತು. ಅವಳು ಶಾಲೆಯ ವ್ಯಾನ್ ಓಡಿಸಿದಳು, ತಲೆ ನರೆಯುವವರೆಗೂ ಓಡಿಸಿದಳು. ಆ ಕೆಲಸ ಬಿಟ್ಟ ಮೇಲೆ ಟಾರ್ಪಾಲು ಎಳೆದು, ತುಕ್ಕು ಕೆರೆಯುವುದರಿಂದ ಶುರು ಮಾಡಿದಳು. ಇಂಜಿನ್ನಿನ ಒಂದೊಂದು ಭಾಗವನ್ನೂ ಬಿಚ್ಚಿ, ತೊಳೆದು, ಕೆಟ್ಟದ್ದನ್ನು ಬದಲಿಸಿ, ತನ್ನ ಕೈಯಾರೆ ಕೂರಿಸಿದ್ದಳು. ಉಳಿದದ್ದು ಇದೊಂದೇ: ಮೊದಲ ಬೆಂಕಿ ಬೀಳುವ ಮುಂಚೆ ಇಂಜಿನ್ನಿನ ಮೂಲೆಮೂಲೆಗೂ ಎಣ್ಣೆ ತಲುಪಬೇಕು. ಒಣಗಿದ ಬೇರಿಂಗು ಹಾಗೇ ತಿರುಗಿದರೆ ಮಾಡಿದ್ದೆಲ್ಲ ಕ್ಷಣದಲ್ಲಿ ಮಣ್ಣುಪಾಲು.

ಅವಳು ಅತ್ತಿಗೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. "ಅತ್ತಿಗೆ, ಈ ಎಣ್ಣೆ ಮೀಟರಿನ ಡಬ್ಬಿಯೊಳಗಿನ ಮುಳ್ಳು ನೋಡ್ತಾ ಇರಿ. ಎಣ್ಣೆ ಹತ್ತಿದ್ರೆ ಅದು ಏಳತ್ತೆ. ಎದ್ರೆ ಕೂಗಿ."

"ಏಳದಿದ್ರೆ?"

"ಆಗಲೂ ಕೂಗಿ."

ಬೋಲ್ಟಕ್ಕ ಕಾರಿನ ಮುಂದೆ ಬಗ್ಗಿ, ಇಂಜಿನ್ನಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸತೊಡಗಿದಳು. ಪ್ಲಗ್ಗು ಇಲ್ಲದ ತೂತುಗಳಿಂದ ಇಂಜಿನ್ ಬುಸ್ಸ್ ಬುಸ್ಸ್ ಎನ್ನುತ್ತ ಹಗುರಾಗಿ ಸುತ್ತಿತು. ಬೆವರು ಗಲ್ಲಕ್ಕೆ ಇಳಿಯಿತು. ಮುಳ್ಳು ಮಾತ್ರ ಜಪ್ಪಯ್ಯ ಎಂದರೂ ಮಿಸುಕಲಿಲ್ಲ.

"ಎದ್ದಿಲ್ಲ!" ಅತ್ತಿಗೆ ನಿಯತ್ತಾಗಿ ಕೂಗಿದಳು.

"ಮುಳ್ಳೇ ಕೆಟ್ಟಿರ್ಬೇಕು ಕಣೇ," ಅಣ್ಣ ಹತ್ತಿರ ಬಂದ. "ಪ್ಲಗ್ ಹಾಕಿ ಒಂದ್ಸಲ ಗುರ್ ಅನ್ಸಿಬಿಡು. ನಾನು ಹೇಳಿದ್ದು ಓಡ್ಬೇಕು ಅಂತಷ್ಟೇ. ಎಷ್ಟೊತ್ತು ಓಡ್ಬೇಕು ಅಂತ ಹೇಳಿದ್ನಾ?"

ಆ ಮಾತು ಅವಳಿಗೆ ನಾಟಿತು. ನಿಜ, ಒಂದು ಗುರ್ ಸಾಕಿತ್ತು. ಶೆಡ್ಡು ಉಳಿಯುತ್ತಿತ್ತು, ಇಂಜಿನ್ ಹೋಗುತ್ತಿತ್ತು. ಅವಳು ಮುಳ್ಳಿನ ಡಬ್ಬಿಗೆ ಹೋಗುವ ಸಣ್ಣ ಪೈಪನ್ನು ಸಡಿಲಿಸಿ ಬೆರಳಿಟ್ಟು ನೋಡಿದಳು. ಬೆರಳು ಒಣಗಿಯೇ ಇತ್ತು.

"ಮುಳ್ಳು ಸರಿಯಾಗೇ ಇದೆ. ತಪ್ಪು ನಂದು. ಪಂಪು ಕೂರಿಸುವಾಗ ಅದರೊಳಗೆ ಎಣ್ಣೆ ತುಂಬಬೇಕಿತ್ತು, ಮರೆತಿದೀನಿ. ಒಣ ಪಂಪು ಎಣ್ಣೆ ಎಳೆಯಲ್ಲ."

"ಹಾಗಾದ್ರೆ ಮುಗೀತಲ್ಲ?" ಗುಜರಿಯವನು ಟೀ ಲೋಟ ಕೆಳಗಿಟ್ಟ. ಕೆಟ್ಟ ಮನುಷ್ಯನಲ್ಲ, ಹಗ್ಗ ಮಾತ್ರ ಹೆಗಲ ಮೇಲೆ ಸಿದ್ಧವಿತ್ತು. "ಅಕ್ಕಾ, ಬೇಕಾದ್ರೆ ತಳ್ಳಿ ಸ್ಟಾರ್ಟ್ ಮಾಡಿಕೊಡ್ತೀವಿ. ಆಸೆ ತೀರ್ಲಿ. ಹೇಗಿದ್ರೂ ನಮ್ಮ ಲಾರಿಗೆ ಹತ್ತೋ ಗಾಡಿ."

ಬೋಲ್ಟಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತೋಳು ಗಟ್ಟಿಯಾಗಿದ್ದವು.

"ತಳ್ಳಿ. ಆದ್ರೆ ಹಿಂದಕ್ಕೆ."

"ಹಿಂದಕ್ಕಾ? ಹಿಂದೆ ನನ್ನ ಲಾರಿ ಇದೆ."

"ಅದಕ್ಕೇ ಮೆಲ್ಲಗೆ ತಳ್ಳಿ ಅಂದಿದ್ದು."

"ಮೆಲ್ಲಗೆ ಅಂತ ಈಗ ಹೇಳ್ತಾ ಇದೀರಿ!"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ತಂಗಿ ತಾನಾಗಿಯೇ ಕಾರನ್ನು ಗುಜರಿ ಲಾರಿಯ ಹತ್ತಿರಕ್ಕೆ ಕಳಿಸುತ್ತಿದ್ದಾಳೆ! ಅವನು ಅಂಗಿಯ ತೋಳು ಮಡಚಿಕೊಂಡು ಎಲ್ಲರಿಗಿಂತ ಮೊದಲು ಮುಂದಿನ ಬಂಪರಿಗೆ ಕೈಹಚ್ಚಿದ. ಬೋಲ್ಟಕ್ಕ ವಿವರಿಸುವ ಗೋಜಿಗೆ ಹೋಗಲಿಲ್ಲ. ಹ್ಯಾಂಡಲ್ ಇಂಜಿನ್ನನ್ನು ಮುಂದಕ್ಕಷ್ಟೇ ತಿರುಗಿಸುತ್ತದೆ. ಟಾಪ್ ಗೇರಿನಲ್ಲಿಟ್ಟು ಕಾರನ್ನೇ ಹಿಂದಕ್ಕೆ ತಳ್ಳಿದರೆ ಇಂಜಿನ್ ಹಿಂದುಮುಂದಾಗಿ ಸುತ್ತುತ್ತದೆ, ಪಂಪೂ ಉಲ್ಟಾ ತಿರುಗುತ್ತದೆ. ಆಗ ಅದು ಹೊರಹಾಕುವ ಬಾಯಿಂದಲೇ ಎಣ್ಣೆ ಕುಡಿಯುತ್ತದೆ. ಅವಳು ಕಾರನ್ನು ಟಾಪ್ ಗೇರಿಗೆ ಹಾಕಿ, ಪಂಪಿನ ಪೈಪು ಕಳಚಿ, ಆ ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಮೇಲೆ ಲಾಳಿಕೆ ಇಟ್ಟು ಎಣ್ಣೆ ತುಂಬಿದಳು.

"ಅತ್ತಿಗೆ, ಸ್ಟೀರಿಂಗ್ ಅಲ್ಲಾಡಿಸ್ಬೇಡಿ."

"ನನ್ನ ಕೈಯೇ ಅಲ್ಲಾಡ್ತಿದೆಯಲ್ಲೇ, ಮಾರಾಯ್ತಿ!"

ಕಾರು ಗೇಣು ಗೇಣಾಗಿ ಹಿಂದೆ ಸರಿಯಿತು. ಬೋಲ್ಟಕ್ಕ ಲಾಳಿಕೆ ಎತ್ತಿ ಹಿಡಿದು ಪಕ್ಕದಲ್ಲೇ ಹೆಜ್ಜೆ ಹಾಕಿದಳು. ಮೊದಲು ಎಣ್ಣೆ ಸುಮ್ಮನೆ ನಿಂತಿತ್ತು. ಆಮೇಲೆ ಒಂದು ಗುಳ್ಳೆ ಎದ್ದು ಒಡೆಯಿತು. ಮಗು ಬಾಟಲಿಯ ಹಾಲು ಎಳೆದಂತೆ ಎಣ್ಣೆ ಸರ್ರನೆ ಕೆಳಗಿಳಿಯಿತು. ಅವಳು ಮತ್ತೆ ಸುರಿದಳು, ಅದೂ ಇಳಿಯಿತು.

"ಸಾಕು! ನಿಲ್ಲಿಸಿ!"

ಕಾರಿನ ಹಿಂಭಾಗಕ್ಕೂ ಲಾರಿಗೂ ನಡುವೆ ಒಬ್ಬ ಮನುಷ್ಯ ತೂರುವಷ್ಟು ಜಾಗ ಉಳಿದಿತ್ತು. "ಇನ್ನೇನು, ಹಗ್ಗ ಕಟ್ಟೋದೇ," ಎಂದ ಅಣ್ಣ ಏದುಸಿರು ಬಿಡುತ್ತ. ಅವಳು ಕ್ಯಾರೇ ಅನ್ನದೆ ಪೈಪುಗಳನ್ನೆಲ್ಲ ಮತ್ತೆ ಬಿಗಿದು, ಗೇರು ಬಿಡಿಸಿ, ಮತ್ತೆ ಹ್ಯಾಂಡಲ್ ಹಿಡಿದಳು. ಈ ಸಲ ಕೈಗೆ ಸಿಕ್ಕ ಭಾರವೇ ಬೇರೆ. ಒಳಗೆ ಏನೋ ದಪ್ಪನೆಯದು ದಾರಿ ಮಾಡಿಕೊಂಡು ಹೋಗುತ್ತಿತ್ತು.

"ಅಯ್ಯೋ, ಅಲ್ಲಾಡ್ತು!" ಅತ್ತಿಗೆ ಕಿರುಚಿದಳು. "ಎದ್ತು! ರೀ, ಬನ್ನಿ ಇಲ್ಲಿ, ಎದ್ತು ರೀ!"

ಬೋಲ್ಟಕ್ಕ ಪ್ಲಗ್ಗು ಕೂರಿಸಿ, ವಯರು ಸಿಕ್ಕಿಸಿ, ಅತ್ತಿಗೆಯನ್ನು ಪಕ್ಕಕ್ಕೆ ಸರಿಸಿ ಕೂತಳು. ಸೆಲ್ಫ್ ಒತ್ತಿದಳು. ಇಂಜಿನ್ ಕೆಮ್ಮಿತು, ಸೀನಿತು, ಸುಮ್ಮನಾಯಿತು. ಗುಜರಿಯವನು ಹೆಗಲ ಹಗ್ಗವನ್ನು ಕೈಗೆ ತೆಗೆದುಕೊಂಡ. ಅವಳು ಚೋಕ್ ಇನ್ನಷ್ಟು ಎಳೆದು ಮತ್ತೆ ಒತ್ತಿದಳು. ಇಂಜಿನ್ ಹತ್ತಿಕೊಂಡಿತು. ನೀಲಿ ಹೊಗೆ ಲಾರಿಯನ್ನೆಲ್ಲ ಮುಚ್ಚಿತು, ಶೆಡ್ಡಿನ ತಗಡು ಗಡಗಡ ನಡುಗಿತು. ಮುಳ್ಳು ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು.

ಅಣ್ಣ ಕಿಟಕಿಗೆ ಬಂದು ಕೈಬೀಸಿದ. "ಆಯ್ತು ಮಾರಾಯ್ತಿ, ಒಪ್ಕೊಂಡೆ! ಶೆಡ್ಡು ನಿಂದೇ! ಈಗ ಆಫ್ ಮಾಡು!"

"ಮಾಡಲ್ಲ! ಹೊಸದಾಗಿ ಜೋಡಿಸಿದ ಇಂಜಿನ್ನು, ಬಿಸಿಯಾಗೋ ತನಕ ನಿಲ್ಲಿಸಬಾರ್ದು!"

ಅವನು ಮತ್ತೇನೋ ಹೇಳಿದ. ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಕೇಳಿಸ್ತಿಲ್ಲ ಅಣ್ಣಾ!" ಎಂದು ಅವಳು ಆಕ್ಸಿಲರೇಟರನ್ನು ಇನ್ನೊಂಚೂರು ಒತ್ತಿದಳು. ಹೊಗೆಯೊಳಗಿಂದ ಗುಜರಿಯವನು ಕೆಮ್ಮುತ್ತ ಹೊರಬಂದು, ಲಾರಿ ಹತ್ತಿ, ಗೇಟು ಬಿಟ್ಟುಕೊಟ್ಟ.