ದಿಗಂಬರನ ಹೆಸರಿನ ಕೆಳಗಿನ ನಂಬರು

ಹುಮನಾಬಾದಿನ ಬಸ್‌ಸ್ಟ್ಯಾಂಡಿನಿಂದ ಹೈವೇ ಕಡೆ ನಡೆದರೆ, ಪಂಕ್ಚರ್ ಅಂಗಡಿಗಳ ಸಾಲಿನಲ್ಲಿ ಬಸವಕುಮಾರನ ಎಸ್‌ಟಿಡಿ ಬೂತ್ ಇತ್ತು. ರಾಜೇಶ್ವರದ ಕಿರಾಣಿ ವ್ಯಾಪಾರಿಯೊಬ್ಬರ ಎರಡನೇ ಮಗ ಅವನು. ಅಣ್ಣನ ಪಕ್ಕದಲ್ಲಿ ತಕ್ಕಡಿ ಹಿಡಿದು ಕೂಡುವುದು ಒಲ್ಲೆನೆಂದು ತೊಂಬತ್ತೆರಡರಲ್ಲಿ ಊರು ಬಿಟ್ಟು ಬಂದು, ಗಾಜಿನ ಖೋಲಿ, ಫೋನು, ಬಿಲ್ಲಿನ ಮಷೀನು ಇಟ್ಟುಕೊಂಡು ಕೂತ. ಹೈದರಾಬಾದಿನವರ ಜೊತೆ ಉರ್ದು, ಸೊಲ್ಲಾಪುರದವರ ಜೊತೆ ಮರಾಠಿ, ಅಷ್ಟೇ ಸಲೀಸಾಗಿ ಮಾತಾಡುತ್ತಿದ್ದ. ಲೈನ್ ಸಿಗದೆ ಬೇಸತ್ತವರನ್ನು ಚಹಾ ತರಿಸಿ ಕೂಡಿಸುತ್ತಿದ್ದ. ಹೈವೇಯ ಡ್ರೈವರುಗಳಿಗೆ ಅವನ ಬೂತೇ ಮನೆಯ ವಿಳಾಸದಂತಾಯಿತು.

ಬೂತಿನ ಎದುರಿನ ಬೇವಿನ ಗಿಡದ ಕೆಳಗೆ ದಿಗಂಬರ ಕೂಡುತ್ತಿದ್ದ. ಘಾಟಬೋರಾಳದ ಕೂಲಿ ಮನೆತನದವನು, ಬಸವಕುಮಾರನಿಗಿಂತ ಐದಾರು ವರ್ಷ ದೊಡ್ಡವನು. ಸೊಲ್ಲಾಪುರದ ಗ್ಯಾರೇಜಿನಲ್ಲಿ ದುಡಿದು ಬಂದಿದ್ದ. ಚೈನ್ ಕಪ್ಪಿ, ಜಾಕು, ಒಂದಿಷ್ಟು ಕಟ್ಟಿಗೆಯ ದಿಮ್ಮಿ, ಇವಷ್ಟೇ ಅವನ ಬಂಡವಾಳ. ರಸ್ತೆಯಲ್ಲಿ ಲಾರಿ ಮಗುಚಿದರೆ ಹೋಗಿ ಎತ್ತಿ ನಿಲ್ಲಿಸುವುದು ಕೆಲಸ. ಕೆಲವು ವರ್ಷಗಳ ನಂತರ ಮಿಲಿಟರಿ ಹರಾಜಿನ ಹಳೆ ಲಾರಿಯೊಂದನ್ನು ತಂದು, ಬಸವಕಲ್ಯಾಣದ ಗ್ಯಾರೇಜಿನಲ್ಲಿ ಅದಕ್ಕೆ ಕಬ್ಬಿಣದ ತೋಳು ಕೂಡಿಸಿದ. ಅದೇ ದಿಗಂಬರನ ಕ್ರೇನ್. ಅವನು ಮೊದಲು ಒಳಗಿನ ಮನುಷ್ಯರನ್ನು ಹೊರಗೆ ತೆಗೆಯುತ್ತಿದ್ದ, ಆಮೇಲೆ ಮಾಲು ಇಳಿಸುತ್ತಿದ್ದ, ಕಡೆಗೆ ಗಾಡಿ ಎತ್ತುತ್ತಿದ್ದ. ಅವಸರ ಮಾಡಿದ ಮಾಲಕರಿಗೆ, "ತಡಾ ಆದ್ರ ಆಗ್ಲಿರಿ, ಗಾಡಿ ಚಾಸಿ ಮುರದ್ರ ನಿಮಗ ಲುಕಸಾನ" ಅನ್ನುತ್ತಿದ್ದ.

ದಿಗಂಬರನಿಗೆ ಸ್ವಂತ ಫೋನಿರಲಿಲ್ಲ. ಅವನಿಗೆ ಬರುವ ಕರೆಗಳೆಲ್ಲ ಬೂತಿಗೇ ಬರುತ್ತಿದ್ದವು. ಬಸವಕುಮಾರ ಬಾಗಿಲಲ್ಲಿ ನಿಂತು, "ದಿಗಂಬರಣ್ಣ, ನಿರ್ಣಾ ಕ್ರಾಸಿನ್ಯಾಗ ಸಿಮೆಂಟ್ ಗಾಡಿ ಬಿದ್ದದಂತ" ಎಂದು ಕೂಗಿದರೆ, ಅವನು ಚಹಾದ ಕಪ್ಪು ಅಲ್ಲೇ ಇಟ್ಟು ಏಳುತ್ತಿದ್ದ. ಕೆಲಸ ಮುಗಿಸಿ ಬಂದು ಬೂತಿನ ಬೆಂಚಿನ ಮೇಲೆ ಕೂತು, "ಆತ್ರಿ ಸೇಠ್, ಎಲ್ಲಾರೂ ಛಲೋ ಅದಾರ" ಎಂದು ಹೇಳಿ ಮನೆಗೆ ಹೋಗುತ್ತಿದ್ದ. ಹೀಗೆ ಇಬ್ಬರ ನಡುವೆ ಬಳಕೆ ಬೆಳೆಯಿತು. ದಿಗಂಬರನ ಮಗ ಹುಟ್ಟಿದಾಗ ಶೈಲೇಶ ಎಂಬ ಹೆಸರು ಸೂಚಿಸಿದವನು ಬಸವಕುಮಾರನೇ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಎಲ್ಲರ ಕಿಸೆಗೂ ಮೊಬೈಲ್ ಬಂದು ಬೂತು ಖಾಲಿ ಹೊಡೆಯತೊಡಗಿತು. ಬಸವಕುಮಾರ ಒಂದು ಕಂಪ್ಯೂಟರ್ ತಂದು, ಬೋರ್ಡಿನ ಮೇಲೆ ಇಂಟರ್ನೆಟ್ ಎಂದು ಬರೆಸಿದ. ಪರೀಕ್ಷೆಯ ರಿಸಲ್ಟ್ ನೋಡುವವರು ಬಂದು ಹೋದ ಮೇಲೆ ಅವನೊಬ್ಬನೇ ಅದರ ಮುಂದೆ ಕೂತಿರುತ್ತಿದ್ದ. ಹಾಗೆ ಕೂತಾಗ ಒಂದು ವೆಬ್‌ಸೈಟ್ ಕಣ್ಣಿಗೆ ಬಿತ್ತು. ಊರೂರಿನ ಅಂಗಡಿಗಳ ಹೆಸರು, ವಿಳಾಸ, ಫೋನ್ ನಂಬರು ಅದರಲ್ಲಿದ್ದವು. ಹುಮನಾಬಾದ್ ಎಂದು ಹುಡುಕಿದ. ಒಂದು ಲಾಡ್ಜು, ಒಂದು ಬೀಜದ ಅಂಗಡಿ ಬಿಟ್ಟರೆ ಏನೂ ಇರಲಿಲ್ಲ. ಅವನು ಮೊದಲು ಸೇರಿಸಿದ್ದು ದಿಗಂಬರನ ಕ್ರೇನನ್ನು. ಬೇವಿನ ಗಿಡದ ಕೆಳಗೆ ಕ್ರೇನಿನ ಮುಂದೆ ದಿಗಂಬರನನ್ನು ನಿಲ್ಲಿಸಿ ಫೋಟೋ ತೆಗೆಸಿ ಏರಿಸಿದ. ದಿಗಂಬರ ಇನ್ನೂ ಮೊಬೈಲ್ ಕೊಂಡಿರಲಿಲ್ಲ, ಕೆಳಗೆ ಬೂತಿನ ನಂಬರು ಹಾಕಿದ.

ಹೆಸರು ಹಾಕಿದ ಮಾತ್ರಕ್ಕೆ ಅದು ಜನರಿಗೆ ಕಾಣುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಹುಮನಾಬಾದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು. ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ದಿಗಂಬರ ಸಿಗುತ್ತಿರಲಿಲ್ಲ. ಜನ ಬರೆಯುವ ಎಲ್ಲ ಬಗೆಯಲ್ಲೂ ಊರಿನ ಹೆಸರು ಸೇರಿಸಿದ. ಪುಣೆಯ ಮಾಲಕನಿಗೆ ತನ್ನ ಲಾರಿ ಯಾವ ಊರ ಹತ್ತಿರ ಬಿದ್ದಿದೆ ಎಂಬುದೇ ಗೊತ್ತಿರುವುದಿಲ್ಲವೆಂದು ರಾಜೇಶ್ವರ, ಬಸವಕಲ್ಯಾಣ, ಸಸ್ತಾಪುರ ಬಂಗ್ಲಾ, ಹೈವೇಯ ನಂಬರು, ಎಲ್ಲ ಬರೆದ. ಬಸವಕಲ್ಯಾಣವನ್ನು ಬರೀ ಕಲ್ಯಾಣ ಎಂದು ಬರೆದಿದ್ದಕ್ಕೆ ಮುಂಬಯಿ ಕಡೆಯ ಕಲ್ಯಾಣದಿಂದ ಒಬ್ಬ ಫೋನ್ ಮಾಡಿ, ಸ್ಟೇಷನ್ ಹಿಂದೆ ಟೆಂಪೋ ಸಿಕ್ಕಿಬಿದ್ದಿದೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದ. ಅವತ್ತು ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಕೆಲಸ ಆದ ಮಾಲಕರಿಗೆಲ್ಲ ಬಸವಕುಮಾರ ತಾನೇ ಫೋನ್ ಮಾಡಿ, ನಾಲ್ಕು ಒಳ್ಳೆ ಮಾತು ವೆಬ್‌ಸೈಟಿನಲ್ಲಿ ಬರೆಯಿರೆಂದು ಕೇಳಿಕೊಳ್ಳುತ್ತಿದ್ದ. ಅವರು ಬರೆದರು. ದಿಗಂಬರ ಬಂದದ್ದಕ್ಕೆ ನನ್ನ ಡ್ರೈವರ್ ಬದುಕಿದ ಎಂದು ಒಬ್ಬ, ಒಂದು ಚೀಲ ಮಾಲೂ ಕಡಿಮೆಯಾಗಲಿಲ್ಲ ಎಂದು ಇನ್ನೊಬ್ಬ. ವರ್ಷದೊಳಗೆ, ಬೀದರ ಜಿಲ್ಲೆಯಲ್ಲಿ ಕ್ರೇನ್ ಎಂದು ಯಾರು ಎಲ್ಲಿ ಕೂತು ಹುಡುಕಿದರೂ ಮೊದಲು ದಿಗಂಬರನೇ ಬರುತ್ತಿದ್ದ. ಬಸವಕುಮಾರ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಇಂಗ್ಲಿಷ್ ಬಾರದ ದಿಗಂಬರ ತನ್ನ ಫೋಟೋ ನೋಡಿ, "ಅಂಗಿ ಗುಂಡಿ ಹಾಕ್ಕೊಂಡಿದ್ದಿಲ್ಲ ನೋಡ್ರಿ" ಎಂದು ನಾಚಿದ.

ಬಸವಕುಮಾರನ ಹೆಂಡತಿ ಪೂನಂಗೆ ಓಂಪ್ರಕಾಶ ಎಂಬ ತಮ್ಮನಿದ್ದ. ಬಸವಕಲ್ಯಾಣದಲ್ಲಿ ಅಪ್ಪನ ಹೊಲ ಮಾರಿ ಹೊಸ ಹೈಡ್ರಾಲಿಕ್ ಕ್ರೇನ್ ತಂದು ಹೈವೇಯ ಸಸ್ತಾಪುರ ಬಂಗ್ಲಾದ ಹತ್ತಿರ ನಿಲ್ಲಿಸಿದ. ಬಸವಕುಮಾರ ಅವನ ಹೆಸರನ್ನೂ ಅದೇ ವೆಬ್‌ಸೈಟಿಗೆ ಹಾಕಿದ. ಅದು ಎಲ್ಲೋ ಹಿಂದಿನ ಪುಟಗಳಲ್ಲಿ ಬಿತ್ತು. ಹೊಸ ಹೆಸರು, ಯಾರೂ ಏನೂ ಬರೆದಿರಲಿಲ್ಲ. ತಿಂಗಳುಗಟ್ಟಲೆ ಕ್ರೇನು ನಿಂತಲ್ಲೇ ನಿಂತಿತು.

"ಹೊರಗಿನವರ ಹೆಸರು ಮ್ಯಾಲ ತರಾಕ ಇಷ್ಟ ಒದ್ದಾಡ್ತೀರಿ" ಎಂದಳು ಪೂನಂ. "ನನ್ನ ತಮ್ಮ ನಿಮಗ ಕಾಣಂಗಿಲ್ಲೇನ್ರಿ?"

ಒಮ್ಮೆ ದಿಗಂಬರ ಊರಲ್ಲಿಲ್ಲದಾಗ ಬಂದ ಕರೆಗೆ ಬಸವಕುಮಾರ ಓಂಪ್ರಕಾಶನನ್ನು ಕಳಿಸಿದ. ಅದರಲ್ಲಿ ತಪ್ಪೇನಿರಲಿಲ್ಲ. ಬೇಸಿಗೆಯ ಮತ್ತೊಂದು ಮಧ್ಯಾಹ್ನ ಫೋನ್ ಬಂದಾಗ ದಿಗಂಬರ ಬೇವಿನ ಗಿಡದ ಕೆಳಗೇ ಇದ್ದ, ಕ್ರೇನಿನ ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದ. ಬಸವಕುಮಾರ ಗಾಜಿನಾಚೆ ಅವನನ್ನು ನೋಡಿದ. ಬಾಗಿಲಿಗೆ ಹೋಗಿ ಕೂಗಬೇಕಿತ್ತು, ಕೂಗಲಿಲ್ಲ. ದನಿ ತಗ್ಗಿಸಿ ಓಂಪ್ರಕಾಶನಿಗೆ ಫೋನ್ ಮಾಡಿದ. ಆ ದಿನ ಊಟ ರುಚಿಸಲಿಲ್ಲ ಅವನಿಗೆ. ಆದರೆ ಮುಂದಿನ ಸಲ ಅಷ್ಟು ಕಷ್ಟವಾಗಲಿಲ್ಲ.

ಆಮೇಲೆ ಗಾಜಿನಾಚೆ ನೋಡುವ ಮುಜುಗರವೂ ಬೇಡವೆನಿಸಿತು. ವೆಬ್‌ಸೈಟಿನ ಪಾಸ್‌ವರ್ಡ್ ಅವನ ಕೈಯಲ್ಲೇ ಇತ್ತಲ್ಲ. ದಿಗಂಬರನ ಹೆಸರು, ಫೋಟೋ, ಜನ ಬರೆದ ಒಳ್ಳೆ ಮಾತು, ಎಲ್ಲವನ್ನೂ ಹಾಗೇ ಬಿಟ್ಟು, ಬೂತಿನ ನಂಬರು ಅಳಿಸಿ ಓಂಪ್ರಕಾಶನ ಮೊಬೈಲ್ ನಂಬರು ಹಾಕಿದ. ಅಂದಿನಿಂದ ಬೂತಿಗೆ ಕರೆಗಳೇ ಬರಲಿಲ್ಲ.

"ಫೋನ್ ಬಂದಿತ್ತೇನ್ರಿ ಸೇಠ್?" ಎಂದು ದಿಗಂಬರ ಕೇಳುತ್ತಿದ್ದ.

"ಇಲ್ಲಣ್ಣ" ಎನ್ನುತ್ತಿದ್ದ ಬಸವಕುಮಾರ. ಸುಳ್ಳು ಹೇಳಲಿಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಒಂದು ದಿನ ಕೇಳದಿದ್ದರೂ ಸೇರಿಸಿದ, "ರಸ್ತೆ ಛಲೋ ಆಗ್ಯಾವ ನೋಡು. ಗಾಡಿ ಬೀಳೋದು ಕಮ್ಮಿ ಆಗ್ಯಾದ."

ದಿಗಂಬರ ರಸ್ತೆಯ ಕಡೆ ನೋಡಿದ. "ಹಂಗಿದ್ರ ಛಲೋನೇ ಆತು ಬಿಡ್ರಿ. ಮಂದಿ ಸಾಯೋದು ತಪ್ತು" ಎಂದ.

ಮರುವರ್ಷದ ಚಳಿಗಾಲದಲ್ಲಿ ಮಹೆಬೂಬ ಎಂಬ ಲಾರಿ ಮಾಲಕ ಬೂತಿನ ಮುಂದೆ ಗಾಡಿ ನಿಲ್ಲಿಸಿ ಇಳಿದ. ಹಿಂದೊಮ್ಮೆ ಅವನ ತಮ್ಮನನ್ನು ಜಜ್ಜಿಹೋದ ಕ್ಯಾಬಿನ್ನಿನಿಂದ ದಿಗಂಬರ ಜೀವಂತ ಹೊರಗೆ ತೆಗೆದಿದ್ದ. ಬೆಂಚಿನ ಮೇಲೆ ಕೂತಿದ್ದ ದಿಗಂಬರನನ್ನು ನೋಡಿ ಅವನು ನೇರ ಅಲ್ಲಿಗೇ ಹೋದ.

"ಹಿಂಗ್ಯಾಕ ಮಾಡ್ದಿ ದಿಗಂಬರ ಭಾಯಿ? ನನ್ನ ಇನ್ನೊಂದು ಗಾಡಿ ಬಿದ್ದಾಗ ನಿನ್ನ ಫೋಟೋ ನೋಡಿ ಫೋನ್ ಮಾಡ್ದೆ. ಯಾವನೋ ಬಂದು, ಮಾಲು ಇಳಸ್ದೇನೆ ಜಗ್ಗಿ ಚಾಸಿ ಮುರದು ಹೋದ. ದಿಗಂಬರನೇ ಕಳಸ್ಯಾನ ಅಂದ್ನಲ್ಲ?"

ದಿಗಂಬರನಿಗೆ ತಿಳಿಯಲಿಲ್ಲ. "ನಾ ಯಾರಿಗೂ ಕಳಸಿಲ್ರಿ" ಎಂದ. ಆಮೇಲೆ ಒಳಗೆ ಬಂದು, "ಸೇಠ್, ನನ್ನ ಫೋಟೋ ತೋರಸ್ರಿ" ಎಂದ.

ಬಸವಕುಮಾರ ಕಂಪ್ಯೂಟರಿನ ಮುಂದೆ ಕೂತ. ಲೈನ್ ಇಲ್ಲ ಎಂದು ಹೇಳಬಹುದಿತ್ತು. ಆದರೆ ಮಹೆಬೂಬ ಬಾಗಿಲಲ್ಲೇ ನಿಂತಿದ್ದ. ಪುಟ ತೆರೆಯಿತು. ದಿಗಂಬರನಿಗೆ ಅಂಕಿಗಳು ಬರುತ್ತಿದ್ದವು. ಬೆರಳಿಟ್ಟು ನಂಬರನ್ನು ಮೆಲ್ಲಗೆ ಓದಿದ. ಬೂತಿನ ನಂಬರು ಅವನಿಗೆ ಬಾಯಿಪಾಠ, ಇದು ಅದಲ್ಲ.

"ಇದು ಯಾರ್ದರಿ?"

"ಓಂಪ್ರಕಾಶಂದು."

ದಿಗಂಬರ ಪರದೆಯಿಂದ ಬೆರಳು ತೆಗೆದ. "ನನಗೊಂದು ಮಾತು ಹೇಳಿದ್ರ ನಾ ಬ್ಯಾಡ ಅಂತಿದ್ದಿಲ್ರಿ" ಎಂದ. "ನಿಮ್ಮ ಮನಿ ಹುಡುಗ ಅವ. ಹ್ಯಾಂಗ ಎತ್ತಬೇಕಂತ ಕಲಿಸ್ತಿದ್ದೆ." ಮಹೆಬೂಬನ ಕಡೆ ತಿರುಗಿ, ಚಾಸಿ ಯಾವ ಗ್ಯಾರೇಜಿನಲ್ಲಿ ಸರಿಯಾಗುತ್ತದೆಂದು ಹೇಳಿ, ಅವನ ಜೊತೆಯೇ ಲಾರಿ ಹತ್ತಿ ಹೋದ. ಮತ್ತೆ ಬೇವಿನ ಗಿಡದ ಕೆಳಗೆ ಬರಲಿಲ್ಲ. ಕ್ರೇನು ಗುಜರಿಗೆ ಹೋಯಿತೆಂದು ಆಮೇಲೆ ಪಂಕ್ಚರ್ ಅಂಗಡಿಯವರು ಹೇಳಿದರು.

ಹೋಗಬೇಕು ಹೋಗಬೇಕು ಎನ್ನುತ್ತಲೇ ದಿನ ದೂಡಿ, ಕಡೆಗೊಮ್ಮೆ ಬಸವಕುಮಾರ ಘಾಟಬೋರಾಳಕ್ಕೆ ಹೋದ. ದಿಗಂಬರನ ಹೆಂಡತಿ ಶೇವಂತಾಬಾಯಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಕೂಡಲು ಚಾಪೆ ಹಾಸಿ ನೀರು ಕೊಟ್ಟಳು.

"ಅವ್ರು ಇಲ್ರಿ. ಲಾತೂರ ಕಡೆ ಸಕ್ಕರಿ ಫ್ಯಾಕ್ಟರಿಗಿ ಹೋಗ್ಯಾರ. ಅಲ್ಲಿ ಕಬ್ಬಿನ ಕ್ರೇನ್ ನಡಸ್ತಾರ."

"ಬೈಯೋದಿದ್ರ ಬೈರಿ ವೈನಿ. ಕೇಳಿಸ್ಕೋಳಾಕೇ ಬಂದೀನಿ."

"ಬೈಯಾಕ ಏನದ್ರಿ ಈಗ" ಎಂದಳು ಅವಳು, ಮೊರ ಬಿಡದೆ. "ರಸ್ತೆ ಛಲೋ ಆಗ್ಯಾವ ಅಂತ ನೀವು ಹೇಳಿದ್ರಲ್ಲ, ಅವತ್ತು ಮನಿಗಿ ಬಂದು ಖುಷಿಲೆ ಹೇಳಿದ್ರು. ನಾ ನಂಬ್ಲಿಲ್ಲ. ನಿಮ್ಮ ಮ್ಯಾಲ ಸಂಶಯ ಪಟ್ಟೆ ಅಂತ ನನಗೇ ಬೈದ್ರು ಅವ್ರು. ಅದೊಂದು ನನಗ ಮರಿಯಂಗಿಲ್ರಿ."

ಬಸವಕುಮಾರ ನೀರಿನ ಲೋಟ ಕೆಳಗಿಟ್ಟ. ದಿಗಂಬರನ ಹೊಸ ಮೊಬೈಲ್ ನಂಬರನ್ನು ಅವಳಿಂದ ಕೇಳಿ ಬರೆದುಕೊಂಡು ಎದ್ದ. ಬೂತಿಗೆ ಬಂದವನೇ ಓಂಪ್ರಕಾಶನ ನಂಬರು ತೆಗೆದು ದಿಗಂಬರನದು ಹಾಕಿದ. ಯಂತ್ರವೇ ಇಲ್ಲದವನಿಗೆ ಕರೆಗಳು ಹೋದರೆ ಏನಾದೀತೆಂದು ಆಗ ಅವನಿಗೆ ಹೊಳೆಯಲಿಲ್ಲ. ತನ್ನದಲ್ಲದ್ದನ್ನು ತಿರುಗಿ ಕೊಟ್ಟೆನೆಂಬ ಸಮಾಧಾನ ಬೇಕಾಗಿತ್ತು, ಅಷ್ಟೆ. ಓಂಪ್ರಕಾಶ ಸಿಟ್ಟಿನಿಂದ ಬಂದಾನೆಂದು ಕಾದ. ಬಂದವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಮಾಮಾ, ಫೋನ್ ಇನ್ನೂ ನನಗೇ ಬರಾಕತ್ತಾವ" ಎಂದ. "ಮಂದಿ ಮೊದಲು ದಿಗಂಬರಗ ಮಾಡ್ತಾರ. ಅವ ನನ್ನ ನಂಬರ್ ಕೊಡ್ತಾನ. ಬಂಗ್ಲಾದಾಗ ಕ್ರೇನ್ ಅದ, ಜಲ್ದಿ ಬರ್ತಾನ, ಆದ್ರ ಮಾಲು ಇಳಸಾಕ ಹಚ್ರಿ ಅಂತ ಹೇಳಿ ಕಳಸ್ತಾನಂತ."

ಬಸವಕುಮಾರ ಕುರ್ಚಿಯಿಂದ ಏಳಲಿಲ್ಲ.

ಕೆಲವು ವಾರದ ನಂತರ ದಿಗಂಬರನೇ ಫೋನ್ ಮಾಡಿದ. ಹಿಂದೆ ಫ್ಯಾಕ್ಟರಿಯ ಗದ್ದಲ ಕೇಳುತ್ತಿತ್ತು. ಮೊದಲು ಮಕ್ಕಳ ಆರಾಮ ವಿಚಾರಿಸಿದ. "ಸೇಠ್, ನನ್ನ ಹೆಸರು ಅದ್ರಾಗಿಂದ ತಗೀರಿ. ಡ್ಯೂಟಿಮ್ಯಾಲ ಇದ್ದಾಗ ಫೋನ್ ಬರ್ತಾವ. ಎತ್ತದಿದ್ರ ಪಾಪ, ಅಲ್ಲಿ ಯಾರು ಹ್ಯಾಂಗ ಅದಾರೋ ಅಂತ ಮನಸು ನಿಂದ್ರಂಗಿಲ್ರಿ. ಎತ್ತಿದ್ರ ಸಾಹೇಬ ಸಿಟ್ಟಾಗ್ತಾನ."

"ತಿರುಗಿ ಬಾ ಅಣ್ಣ. ಓಂಪ್ರಕಾಶನ ಕ್ರೇನ್ ನೀನೇ ನಡಸು."

"ಇಲ್ಲಿ ಛಲೋ ಅದರಿ. ಮನಿಯವರಿಗೂ ಇಲ್ಲೇ ಕರಕೊಂಡು ಬಂದೀನಿ, ಶೈಲೇಶನ ಸಾಲಿನೂ ಹತ್ರ ಅದ" ಎಂದ ದಿಗಂಬರ.

ಬಸವಕುಮಾರ ಪುಟ ತೆರೆದು, ಜನ ಬರೆದ ಮಾತುಗಳನ್ನು ಒಂದೊಂದಾಗಿ ಓದಿದ. ಅವರಿವರಿಗೆ ತಾನೇ ಫೋನ್ ಮಾಡಿ ಬರೆಸಿದ್ದವು. ಒಂದರಲ್ಲೂ ಸುಳ್ಳಿರಲಿಲ್ಲ. ಅಳಿಸು ಎಂದು ಒತ್ತಿದರೆ, ಅಳಿಸಲೇ ಎಂದು ವೆಬ್‌ಸೈಟ್ ಮತ್ತೊಮ್ಮೆ ಕೇಳಿತು. ಹೌದೆಂದು ಒತ್ತಿದ. ಮರುದಿನ ಕ್ರೇನ್ ಎಂದು ಹುಡುಕಿದರೆ ಮೊದಲಿಗೆ ಬಂದದ್ದು ಜಹೀರಾಬಾದಿನ ಯಾರದೋ ಹೆಸರು.

ಎರಡು ಸಾವಿರದ ಒಂಬತ್ತರಲ್ಲಿ ಬಸವಕಲ್ಯಾಣದ ಒಂದು ಮದುವೆಯಲ್ಲಿ ಇಬ್ಬರೂ ಎದುರಾದರು. ದಿಗಂಬರನ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಆರಾಮದೀರೇನ್ರಿ ಸೇಠ್?" ಎಂದು ಮೊದಲಿನ ಹಾಗೆಯೇ ಕೇಳಿ, ಕೈ ಮುಗಿದು, ತನ್ನವರ ಜೊತೆ ಊಟದ ಪಂಕ್ತಿಗೆ ಹೋಗಿ ಕೂತ. ಅವನ ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು. ಹೋಗಿ ಕೂಡೋಣವೆಂದು ಬಸವಕುಮಾರ ದೂರದಲ್ಲಿ ನಿಂತು ಬಹಳ ಹೊತ್ತು ಯೋಚಿಸಿದ. ಧೈರ್ಯ ಮಾಡಿ ಹೆಜ್ಜೆ ಇಡುವಷ್ಟರಲ್ಲಿ ಆ ಪಂಕ್ತಿಯ ಊಟ ಮುಗಿದು, ಎಲೆ ಎತ್ತುವವರು ಬಂದಿದ್ದರು.