ನೆಟ್ಟಗೆ ನೋಡುವ ಕಣ್ಣು

ರಾಯಚೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ನನ್ನ ಹತ್ತಿರ ಜನ ತೀರಿಹೋದವರ ಚಿತ್ರಕ್ಕೂ ಬರುತ್ತಿದ್ದರು. ಹೆಚ್ಚಿನವರು ಮಾಸಿದ ಫೋಟೊ ಒಂದನ್ನಾದರೂ ತರುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದ ಕಡೆಯ ಕುರಿಗಾರ ಮುದುಕನೊಬ್ಬ ಮಾತ್ರ ಫೋಟೊದ ಬದಲು ಮಗಳನ್ನು ಕರೆದುಕೊಂಡು ಬಂದ.

“ನನ್ನ ಹೆಂಡ್ತಿ ಒಂದು ಫೋಟೊನೂ ತೆಗಿಸಿಲ್ರೀ. ಇಕಿ ಅವರವ್ವನಂಗ ಅದಾಳ, ಇಕಿನ್ನ ನೋಡಿ ಬರೀರಿ.”

ಮಗಳನ್ನು ಕೂರಿಸಿ ಬರೆದೆ. ಕೂದಲಿಗೆ ಬಿಳುಪು, ಕೆನ್ನೆಗೆ ಸುಕ್ಕು, ಹಣೆಗೆ ಕಾಸಗಲ ಕುಂಕುಮ ಸೇರಿಸಿದೆ. ಮುದುಕ ತುಂಬ ಹೊತ್ತು ನೋಡಿ, “ಮಕ ಆಕಿದ ಅದರೀ, ಆದ್ರ ಆಕಿ ಅಲ್ಲ” ಅಂದ.

ನನಗೆ ಸಿಟ್ಟೇ ಬಂತು. “ಮೂಗು ತಪ್ಪಾಗ್ಯಾದೇನು? ಹಣಿ ತಪ್ಪಾಗ್ಯಾದೇನು?”

“ಎಲ್ಲಾ ಬರಾಬರ್ ಅವರೀ.”

ಕೊನೆಗೆ ಮಗಳೇ ಬಾಯಿಬಿಟ್ಟಳು. “ಅವ್ವ ಅಪ್ಪನ್ನ ಹಿಂಗ ನೆಟ್ಟಗ ನೋಡಿದಾಕಿ ಅಲ್ರೀ. ಅತ್ತಿಮಾವನ ಮುಂದ ತಲಿ ತಗ್ಗಿಸಿದ್ದು, ಅವರು ಹೋದಮ್ಯಾಲೂ ಅದ ರೂಢಿ ಉಳೀತು.”

ನಾನೋ, ಯಾರ ಚಿತ್ರವಾದರೂ ಕಣ್ಣನ್ನು ನೋಡುವವರತ್ತಲೇ ತಿರುಗಿಸುವವನು. “ಕಣ್ಣು ತಗ್ಗಸ್ತೀನಿ ತಡೀರಿ” ಎಂದು ಕುಂಚ ಎತ್ತಿದೆ. ಮುದುಕ ನನ್ನ ಕೈ ಹಿಡಿದ.

“ಬ್ಯಾಡ್ರೀ. ಈಗರ ನೋಡ್ಲಿ.”

ಆಮೇಲೆ ರುಮಾಲು ಬಿಚ್ಚಿ, ಚಿತ್ರದ ಎದುರು ನಿಂತು ಹೊಸದಾಗಿ ಸುತ್ತಿಕೊಂಡ. ಪಕ್ಕದ ಗೋಡೆಯಲ್ಲೇ ಕನ್ನಡಿ ಇತ್ತು, ಅದರ ಕಡೆ ತಿರುಗಲೂ ಇಲ್ಲ.

“ಬರಾಬರ್ ಆತೇನು?” ಎಂದು ಕೇಳಿದ.

ಕೇಳಿದ್ದು ನನ್ನನ್ನಲ್ಲ ಅಂತ ಗೊತ್ತಿತ್ತು, ಎತ್ತಿದ್ದ ಕುಂಚ ಕೆಳಗಿಟ್ಟೆ.