ಏಣಿ ಬೇಡದ ಮೆಣಸು

ಅತ್ತೆಯ ತುರುಬಿನಲ್ಲಿ ಹೂವಿಗಿಂತ ಹೆಚ್ಚಾಗಿ ಬಾಳೆನಾರು ಇರುತ್ತಿತ್ತು. ಕಾಳುಮೆಣಸಿನ ಬಳ್ಳಿ ಕಟ್ಟಲೆಂದು ಸಿಕ್ಕಿಸಿಕೊಂಡದ್ದನ್ನು ತೆಗೆಯಲು ಮರೆತು ಮದುವೆಮನೆಗೂ ಹಾಗೇ ಬಂದುಬಿಡುತ್ತಿದ್ದರು. ಯಾರಾದರೂ ನಕ್ಕರೆ ತಾವೂ ನಗುತ್ತಿದ್ದರು.

ಅವರು ನನ್ನ ಅಪ್ಪನ ತಂಗಿ. ಜಾವಳಿಯ ಹತ್ತಿರ ಅವರದು ಸಣ್ಣ ಕಾಫಿ ತೋಟ. ಹಳ್ಳ ದಾಟಿದರೆ ನಮ್ಮದು. ಮಾವನಿಗೆ ಮೆಣಸೆಂದರೆ ಪ್ರಾಣ. ಕುಯ್ಲಿನ ಕಾಲದಲ್ಲಿ ಆಳುಗಳ ಜೊತೆ ತಾವೂ ಏಣಿ ಹತ್ತುತ್ತಿದ್ದರು. ಒಂದು ವರ್ಷ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬಂದ ಮಾವ ತೋಟಕ್ಕೆ ಬೆನ್ನು ಹಾಕಿ ಜಗಲಿಯಲ್ಲಿ ಕೂತರು. ಕಾಫಿ ಹೂವಾದಾಗಲೂ ತಿರುಗಿ ನೋಡಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುವುದು ಬಿಟ್ಟರೆ ಮಾತೇ ನಿಂತುಹೋಯಿತು.

ತೋಟದ ಕೆಲಸವೆಲ್ಲ ಅತ್ತೆಯ ಮೇಲೆ ಬಿತ್ತು. ಅದಕ್ಕವರು ಹೆದರಲಿಲ್ಲ. ಮಾವನ ಮೌನಕ್ಕೆ ಮಾತ್ರ ಹೆದರಿದ್ದರು.

ಒಮ್ಮೆ ಕಳಸದ ನೆಂಟರ ಮನೆಗೆ ನಾನೂ ಅವರೂ ಹೋಗಿದ್ದೆವು. ಅಂಗಳದ ಕುಂಡದಲ್ಲಿ ಮೊಣಕಾಲೆತ್ತರದ ಮೆಣಸಿನ ಗಿಡವೊಂದು ಎಲ್ಲಿಗೂ ಹಬ್ಬದೆ, ಮೈತುಂಬ ಕಾಯಿ ಬಿಟ್ಟು ನಿಂತಿತ್ತು. ಹಬ್ಬುವ ಬಳ್ಳಿಯ ತುಂಡು ನೆಟ್ಟರೆ ಅದು ಮರ ಹುಡುಕಿ ಏರುತ್ತದೆ, ಕಾಯಿ ಬಿಡುವ ಅಡ್ಡರೆಂಬೆಗೆ ಬೇರು ಬರಿಸಿದರೆ ಪೊದೆಯಾಗಿಯೇ ಉಳಿಯುತ್ತದೆ, ಆದರೆ ಬೇರು ಬರುವುದೇ ಕಷ್ಟ ಎಂದು ಮನೆಯವರು ವಿವರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ತಮ್ಮ ತೋಟದ ಯಾವ ಯಾವ ಬಳ್ಳಿಯಿಂದ ರೆಂಬೆ ಕತ್ತರಿಸುವುದೆಂದು ಲೆಕ್ಕ ಹಾಕುತ್ತಿದ್ದರು.

ಆ ಮಳೆಗಾಲದಲ್ಲಿ ಅತ್ತೆ ನೆಟ್ಟ ರೆಂಬೆಗಳೆಲ್ಲ ಕೊಳೆತವು. ಮರುವರ್ಷ ಮಳೆ ಹಿಡಿಯುವ ಮೊದಲೇ ರೆಂಬೆ ಕತ್ತರಿಸಿ, ಮರಳು ಬೆರೆಸಿದ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ನೆಟ್ಟು, ಬಿದಿರ ಸೀಳು ಬಗ್ಗಿಸಿ ಪ್ಲಾಸ್ಟಿಕ್ ಹೊದಿಸಿದರು. ಆ ಗೂಡನ್ನು ಮಾವ ಮುಖ ಮಾಡಿ ಕೂರುವ ಕಡೆಗೇ, ಅವರ ಕಣ್ಣೆದುರು ಕಟ್ಟಿದ್ದು ಬೇಕೆಂದೇ. ಕೆಲವು ರೆಂಬೆಗಳು ಚಿಗುರಿದವು. ಖುಷಿಯಲ್ಲಿ ಅತ್ತೆ ಪ್ಲಾಸ್ಟಿಕ್ ಎತ್ತಲು ಹೊರಟಾಗ ಜಗಲಿಯಿಂದ ಮಾವನ ದನಿ ಬಂತು.

"ತೆಗೀಬೇಡ. ಎಲೆ ಬಂದಿದೆ ಅಷ್ಟೆ, ಬೇರು ಬಂದಿಲ್ಲ."

ಬಿದ್ದ ಮೇಲೆ ಅವರಾಗಿಯೇ ಆಡಿದ ಮೊದಲ ಮಾತು ಅದು. ಅತ್ತೆ ಅತ್ತ ತಿರುಗಲಿಲ್ಲ. ಪ್ಲಾಸ್ಟಿಕ್ಕನ್ನು ಮತ್ತೆ ಹೊದಿಸುತ್ತಾ, "ಹಂಗಾರೆ ಬೇರು ಬಂದಾಗ ನೀವೇ ಹೇಳಿ" ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಪಕ್ಕದಲ್ಲಿದ್ದ ನನಗಷ್ಟೇ ಕಂಡಿತು.

ಬದುಕಿದ್ದು ಬೆರಳೆಣಿಕೆಯ ಗಿಡಗಳು. ಅವುಗಳ ರೆಂಬೆಯಿಂದ ಇನ್ನಷ್ಟಾದವು. ಅತ್ತೆ ಗಾರೆಯವನಿಂದ ಅಂಗಳದಲ್ಲಿ ಮಾವನ ಕೈಗೆಟಕುವ ಎತ್ತರಕ್ಕೆ ಕಟ್ಟೆ ಕಟ್ಟಿಸಿ ಕುಂಡಗಳನ್ನು ಸಾಲಾಗಿ ಇಡಿಸಿದರು. ಕಾಯಿ ಬಲಿತ ದಿನ ಮಾವನ ತೊಡೆಯ ಮೇಲೆ ಬುಟ್ಟಿಯಿಟ್ಟು, ತಮಗೆ ಕಣದಲ್ಲಿ ಕೆಲಸವಿದೆ ಎಂದು ಹೇಳಿ ಹೊರಟುಹೋದರು. ಕಣದಲ್ಲಿ ಅಂಥ ಕೆಲಸವೇನೂ ಇರಲಿಲ್ಲ. ಸಂಜೆ ಬಂದು ನೋಡಿದರೆ ಬುಟ್ಟಿ ತುಂಬಿತ್ತು, ಮಾವ ಕಾಫಿ ಕೇಳಿದರು.

ಸುದ್ದಿ ಕೇಳಿ ಬಂದ ಬೆಳೆಗಾರರಿಗೆ ಅತ್ತೆ ಉಬ್ಬಿಸಿ ಹೇಳುತ್ತಿರಲಿಲ್ಲ. "ತೋಟಕ್ಕೆಲ್ಲ ಇದು ಆಗೋದಲ್ಲ ಮಾರಾಯ" ಎಂದು ಕಳಿಸುತ್ತಿದ್ದರು. ಏಣಿಯಿಂದ ಬಿದ್ದು ಮನೆ ಹಿಡಿದವರ ಸುದ್ದಿ ಬಂದರೆ ಮಾತ್ರ ಕುಂಡವೊಂದನ್ನು ಜೀಪಿಗೆ ಹಾಕಿಕೊಂಡು ತಾವೇ ಹೋಗುತ್ತಿದ್ದರು. ಹೊರನಾಡಿನ ಕಡೆಯ ಒಂದು ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಹಾಸಿಗೆಯಲ್ಲಿದ್ದವನಿಗೆ ಅತ್ತೆ ಸಮಾಧಾನದ ಒಂದು ಮಾತನ್ನೂ ಹೇಳಲಿಲ್ಲ. ನೀರು ಎಷ್ಟು ಹಾಕಬೇಕು, ನೆರಳು ಎಷ್ಟು ಬೇಕು ಎಂದು ಹೇಳಿ, ಇನ್ನು ಇದು ನಿನ್ನದು ಎಂದು ಕಿಟಕಿಯ ಬಳಿ ಇಟ್ಟು ಬಂದರು. ಕಷ್ಟದಲ್ಲಿರುವವರ ಮನೆಗೆ ಹೇಗೆ ಹೋಗಬೇಕೆಂದು ನಾನು ಕಲಿತದ್ದು ಅವತ್ತು.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಮಾವ ಮತ್ತೆ ತೋಟಕ್ಕೆ ಬೆನ್ನು ಹಾಕಿ ಕೂರುತ್ತಾರೇನೋ ಎಂದು ನಮಗೆಲ್ಲ ದಿಗಿಲು. ಈ ಬೇಸಿಗೆಯಲ್ಲಿ ಅವರೇ ಫೋನ್ ಮಾಡಿ, ಮಳೆ ಹಿಡಿಯುವ ಮೊದಲು ರೆಂಬೆ ಕತ್ತರಿಸಬೇಕು, ಬಂದುಹೋಗು ಎಂದರು. ಹೋಗಿ ಕತ್ತರಿಸತೊಡಗಿದೆ.

"ಅಲ್ಲಲ್ಲ, ಇನ್ನೊಂದು ಗಣ್ಣು ಬಿಟ್ಟು ಕತ್ತರಿಸು. ನಿಮ್ಮತ್ತೆ ಹಂಗೇ ಮಾಡ್ತಿದ್ದಿದ್ದು."

ನನ್ನ ಕೈಯಿಂದ ಕತ್ತಿ ತೆಗೆದುಕೊಂಡು ತಾವೇ ಒಂದು ಕತ್ತರಿಸಿ ತೋರಿಸಿದರು. ಮತ್ತೆ, ಕತ್ತಿ ವಾಪಸು ಕೊಡದೆ, ಮುಂದಿನ ರೆಂಬೆಗೆ ಕೈ ಚಾಚಿದರು.